ರೊಟ್ಟಿ ಹಂಚು ಕಾಯುತ್ತಿಲ್ಲವೇ? ಕಾಯಿಲ್ ಬಿಚ್ಚುವ ಮೊದಲು ವೋಲ್ಟೇಜ್, ಆಂಪ್ಸ್ ಬರೆದುಕೊಳ್ಳಿ

ವಿಜಯಪುರದ ಅಂಚಿನಲ್ಲಿ ಒಂದು ಮನೆ. ಹಿತ್ತಲಿನಲ್ಲಿ ತಗಡಿನ ಶೆಡ್ಡು. ಅಲ್ಲಿ ಐದಾರು ಹೆಣ್ಣುಮಕ್ಕಳು ಸೇರಿ ದಿನಾ ಜೋಳದ ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ, ಕಿರಾಣಿ ಅಂಗಡಿಗಳಿಗೆ ಕೊಡುತ್ತಾರೆ. ಮೊದಲು ಮನೆಯ ಪಡಸಾಲೆಯಲ್ಲೇ ಮಾಡುತ್ತಿದ್ದರು. ಜಾಗ ಸಾಲದೆ ಹಂಚನ್ನು ಶೆಡ್ಡಿಗೆ ಒಯ್ದರು. ಆವತ್ತಿನಿಂದ ತೊಂದರೆ ಶುರುವಾಯಿತು.

"ಕಾಯಿಲ್ ಎರಡ್ ಸಲ ಬದಲಿ ಮಾಡ್ಸೀವ್ರಿ ಅಣ್ಣಾರ. ಮುಂಜಾನೆ ಹೆಂಗರ ನಡೀತೈತಿ. ಸಂಜಿಗೆ ಹಂಚ್ ಕಾಯಂಗೇ ಇಲ್ರಿ. ಈಗ ಸ್ಟೆಬಿಲೈಸರ್ ತರ್ರಿ ಅಂತಾರ್ರಿ," ಅಂತ ಆ ಮನೆಯ ಅಕ್ಕಾರು ಹೇಳಿದರು.

ಅವರದು ಕರೆಂಟ್ ಹಂಚು. ದಪ್ಪ ಕಬ್ಬಿಣದ ಪ್ಲೇಟು, ಅದರ ಕೆಳಗೆ ಎರಡು ಕಾಯಿಲ್, ಅಂದರೆ ಕರೆಂಟ್ ಹರಿದಾಗ ಕಾಯುವ ತಂತಿಯ ಸುರುಳಿ. ಒಂದೊಂದು 1000 ವ್ಯಾಟ್, ಒಟ್ಟು 2000 ವ್ಯಾಟ್. ನಾನು ಹೋದಾಗ ಹಂಚಿನ ಮೇಲೆ ಒಂದು ರೊಟ್ಟಿ ಇತ್ತು. ಅಂಚು ಒಣಗಿ ಸೀಳು ಬಿಟ್ಟಿತ್ತು, ನಡು ಇನ್ನೂ ಹಸಿ. ಒದ್ದೆ ಬಟ್ಟೆಯಿಂದ ಒತ್ತಿದರೂ ಉಬ್ಬಲಿಲ್ಲ. ಹಂಚಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದೆ. ಚೆನ್ನಾಗಿ ಕಾದ ಹಂಚಿನ ಮೇಲೆ ಹನಿ ಗುಂಡಗಾಗಿ ಕುಣಿಯಬೇಕು. ಇಲ್ಲಿ ಕೂತಲ್ಲೇ ಚುಯ್ ಅಂದು ಆರಿಹೋಯಿತು.

ಈ ಕೇಸಿನಲ್ಲಿ ನಾನು ಏನೇನು ಅಳೆದೆ, ಯಾವ ಲೆಕ್ಕ ಹಾಕಿದೆ, ದೋಷ ಎಲ್ಲಿ ಸಿಕ್ಕಿತು ಅಂತ ಬರೆಯುತ್ತಿದ್ದೇನೆ. ಗೀಸರ್, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ರಾಡ್, ಹೀಗೆ ಕಾಯಿಲ್ ಇರುವ ಯಾವುದಕ್ಕಾದರೂ ಇದೇ ದಾರಿ ನಡೆಯುತ್ತದೆ. ಮೋಟರಿಗೆ ಮಾತ್ರ ನಡೆಯುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಲೆಕ್ಕ ಇಷ್ಟೇ

ಅಳೆಯಬೇಕಾದ್ದು ಎರಡು ಅಂಕಿ: ವೋಲ್ಟೇಜ್ (ಕರೆಂಟನ್ನು ತಳ್ಳುವ ಒತ್ತಡ) ಮತ್ತು ಆಂಪ್ಸ್ (ಎಷ್ಟು ಕರೆಂಟ್ ಹರಿಯುತ್ತಿದೆ ಅನ್ನುವುದು). ಇವೆರಡು ಸಿಕ್ಕರೆ ಇನ್ನೆರಡು ತಾನಾಗಿ ಸಿಗುತ್ತವೆ.

ವೋಲ್ಟ್ ÷ ಆಂಪ್ಸ್ = ಓಮ್. ಇದು ಕಾಯಿಲ್‌ನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ.

ವೋಲ್ಟ್ × ಆಂಪ್ಸ್ = ವ್ಯಾಟ್. ಇದು ಪವರ್. ಹಂಚಿಗೆ ನಿಜವಾಗಿ ಸಿಗುತ್ತಿರುವ ಶಾಖ.

ಮೊದಲನೆಯದು ಜರ್ಮನಿಯ ವಿಜ್ಞಾನಿ ಗೇಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ. ಇವತ್ತು ಕೈಯಲ್ಲಿ ಹಿಡಿಯುವ ಮೀಟರಿನಲ್ಲೂ ಇದೇ ಲೆಕ್ಕ ನಡೆಯುತ್ತದೆ.

ಮೀಟರ್ ಹಚ್ಚುವ ಮೊದಲೇ ಒಂದು ಕೆಲಸ ಮಾಡಿ. ಮಷಿನ್ ಮೇಲಿನ ತಗಡಿನ ಪಟ್ಟಿ ಓದಿ, ಅದು ಹೊಸದಾಗಿದ್ದಾಗ ಹೇಗಿರಬೇಕಿತ್ತು ಅಂತ ಲೆಕ್ಕ ಹಾಕಿ ಕಾಗದದ ಮೇಲೆ ಬರೆಯಿರಿ. ಈ ಹಂಚಿನ ಪಟ್ಟಿಯಲ್ಲಿ ಇದ್ದದ್ದು 230 ವೋಲ್ಟ್, 2000 ವ್ಯಾಟ್. 2000ವನ್ನು 230ರಿಂದ ಭಾಗಿಸಿದರೆ 8.7 ಆಂಪ್ಸ್. 230ನ್ನು 8.7ರಿಂದ ಭಾಗಿಸಿದರೆ 26.4 ಓಮ್. ಇದು ಎರಡೂ ಕಾಯಿಲ್ ಸೇರಿ. ಒಂದೇ ಕಾಯಿಲ್ ಆದರೆ ಸುಮಾರು 53 ಓಮ್. ಎರಡನ್ನು ಪ್ಯಾರಲಲ್ ಕೊಟ್ಟಾಗ ಕರೆಂಟಿಗೆ ಎರಡು ದಾರಿ ಆಗುತ್ತದೆ, ಹಾಗಾಗಿ ಓಮ್ ಅರ್ಧಕ್ಕೆ ಇಳಿಯುತ್ತದೆ.

ಪಟ್ಟಿಯಲ್ಲಿ 240 ವೋಲ್ಟ್ ಅಂತ ಇದ್ದರೆ ಆ ಅಂಕಿಯನ್ನೇ ಹಿಡಿಯಬೇಕು. 240 ವೋಲ್ಟ್, 2000 ವ್ಯಾಟ್ ಅಂದರೆ 28.8 ಓಮ್. ಅದೇ ಕಾಯಿಲ್‌ಗೆ 230 ಕೊಟ್ಟರೆ ಸಿಗುವುದು 1837 ವ್ಯಾಟ್. ಇದು ದೋಷ ಅಲ್ಲ. ಇನ್ನು, ಲೆಕ್ಕಕ್ಕಿಂತ ಐದು ಶೇಕಡಾ ಆಚೀಚೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಕಾಯಿಲ್‌ಗಳು ಅಷ್ಟು ನಿಖರವಾಗಿ ತಯಾರಾಗುವುದಿಲ್ಲ.

ಹಿಂದಿನವರು ಎಲ್ಲಿ ಎಡವಿದ್ದರು

ಕಾಯಿಲ್ ಬದಲಿಸಿದವರು ವೋಲ್ಟೇಜ್ ನೋಡಿರಲಿಲ್ಲ ಅಂತಲ್ಲ. ನೋಡಿದ್ದರು. ಹಂಚಿನ ಪ್ಲಗ್ ತೆಗೆದು, ವೈಯರಿನ ತುದಿಗೆ ಮೀಟರ್ ಹಿಡಿದಿದ್ದರು. 226 ಬಂದಿತ್ತು. "ವೋಲ್ಟೇಜ್ ಸರಿ ಐತಿ, ಕಾಯಿಲ್ ಹೋಗೈತಿ" ಅಂತ ತೀರ್ಮಾನ ಮಾಡಿದ್ದರು.

ವಿಜಯಪುರ ಜಿಲ್ಲೆಯ ಇಂಡಿ ಕಡೆ ಲಿಂಬೆ ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಉದ್ದನೆಯ ಡ್ರಿಪ್ ಪೈಪಿನ ಕೊನೆಯ ಗಿಡಕ್ಕೆ ನೀರು ಸಣ್ಣಗೆ ಬರುತ್ತದೆ ಅಲ್ವಾ? ಆದರೆ ಎಲ್ಲ ಡ್ರಿಪ್ಪರ್ ಮುಚ್ಚಿ ಕೊನೆಯಲ್ಲಿ ಪ್ರೆಷರ್ ಗೇಜ್ ಇಟ್ಟು ನೋಡಿದರೆ ಪೂರ್ತಿ ಪ್ರೆಷರ್ ತೋರಿಸುತ್ತದೆ. ನೀರು ಹರಿಯದೆ ಇರುವಾಗ ಪೈಪಿನಲ್ಲಿ ಪ್ರೆಷರ್ ಕಳೆಯುವುದೇ ಇಲ್ಲ. ಹರಿಯಲು ಶುರುವಾದ ಮೇಲೆ ಮಾತ್ರ ಕಳೆಯುತ್ತದೆ.

ವೈಯರಿನದೂ ಅದೇ ಕಥೆ. ಆಂಪ್ಸ್ ಹರಿಯದೆ ವೋಲ್ಟೇಜ್ ಬೀಳುವುದಿಲ್ಲ. ಹಾಗಾಗಿ ಲೋಡ್ ಇಲ್ಲದೆ ಅಳೆದ ವೋಲ್ಟೇಜ್ ಸುಮ್ನೆ ಸಮಾಧಾನಕ್ಕೆ. ಮಷಿನ್ ಓಡುತ್ತಿರುವಾಗ, ಮಷಿನ್ನಿನ ಟರ್ಮಿನಲ್ ಮೇಲೆ ಅಳೆದ ವೋಲ್ಟೇಜ್ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಟೆಸ್ಟರ್ ಕೂಡ ಹೀಗೇ ಮೋಸ ಮಾಡುತ್ತದೆ. ಟೆಸ್ಟರಿನ ನಿಯಾನ್ ದೀಪ ಉರಿಯಲು ಒಂದು ಆಂಪ್ಸ್‌ನ ಸಾವಿರದ ಒಂದು ಭಾಗವೂ ಬೇಕಿಲ್ಲ. ಅಷ್ಟು ಕರೆಂಟನ್ನು ಕೊಳೆತ ಜಾಯಿಂಟು ಸಹ ದಾಟಿಸುತ್ತದೆ. ದೀಪ ಉರಿದರೆ ಫೇಸ್ (ಕರೆಂಟ್ ತರುವ ವೈಯರ್) ಬಂದಿದೆ ಅಂತ ಗೊತ್ತಾಗುತ್ತದೆ. ಹಂಚಿಗೆ ಸಾಕಾಗುವಷ್ಟು ಬರುತ್ತಿದೆಯೇ ಅಂತ ಅದು ಹೇಳುವುದಿಲ್ಲ. ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈಯರ್) ಬಗ್ಗೆ ಅಂತೂ ಏನನ್ನೂ ಹೇಳುವುದಿಲ್ಲ.

ಅಳೆಯುವ ಮೊದಲು

ಮುಂದೆ ಬರುವ ಕೆಲವು ಅಳತೆಗಳನ್ನು ಕರೆಂಟ್ ಇರುವಾಗಲೇ ಮಾಡಬೇಕು. ಕೈ ಪಳಗಿರದವರು ಟರ್ಮಿನಲ್ ತೆರೆದು ಪ್ರೋಬ್ ಇಡಬೇಡಿ. ಗೊತ್ತಿರುವವರನ್ನು ಕರೆಸಿ, ಪಕ್ಕದಲ್ಲಿ ನಿಂತು ಅಂಕಿ ಬರೆದುಕೊಳ್ಳಿ. ಅದು ಕಡಿಮೆ ಕೆಲಸ ಅಲ್ಲ. ಶೆಡ್ಡಿನ ನೆಲ ಒದ್ದೆ ಇದ್ದರೆ ಮೊದಲು ಒರೆಸಿ ಒಣಗಿಸಿ. ಹಿಟ್ಟು ನಾದಿದ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಕಾಲಲ್ಲಿ ಒಣಗಿದ ರಬ್ಬರ್ ಚಪ್ಪಲಿ ಇರಲಿ. ಏನಾದರೂ ಬಿಚ್ಚುವ ಕೆಲಸ ಇದ್ದರೆ ಮೇನ್ ಆಫ್ ಮಾಡಿಯೇ ಬಿಚ್ಚಬೇಕು. ಮೇನ್ ಹತ್ತಿರ ಒಬ್ಬರು ನಿಂತಿರಬೇಕು, ಇಲ್ಲದಿದ್ದರೆ ಯಾರೋ ಬಂದು "ಕರೆಂಟ್ ಹೋಗೈತಿ" ಅಂತ ಹಾಕಿಬಿಡುತ್ತಾರೆ.

ಮಲ್ಟಿಮೀಟರ್ ಬಳಸುವವರಿಗೆ ಎರಡು ಮಾತು. ಕೆಂಪು ಪ್ರೋಬ್ 10 ಆಂಪ್ಸ್ ತೂತಿನಲ್ಲಿ ಇರುವಾಗ ಮರೆತೂ ಸಾಕೆಟ್ಟಿಗೆ ಹಿಡಿಯಬೇಡಿ. ಆ ತೂತು ಒಳಗೆ ಬರೀ ಒಂದು ತುಂಡು ವೈಯರ್ ಇದ್ದಂತೆ, ನೇರ ಶಾರ್ಟ್ ಆಗುತ್ತದೆ. ಓಮ್ ನೋಡುವಾಗ ಪ್ಲಗ್ ಕಿತ್ತಿರಬೇಕು. ಮೊದಲು ಎರಡು ಪ್ರೋಬ್ ಒಂದಕ್ಕೊಂದು ತಾಗಿಸಿ ನೋಡಿ. 0.3 ಅಂತ ತೋರಿಸಿದರೆ ಅದು ಪ್ರೋಬಿನ ವೈಯರಿನದು. ಬಂದ ಅಂಕಿಯಿಂದ ಅದನ್ನು ಕಳೆಯಿರಿ.

ಆಂಪ್ಸ್‌ಗೆ ವೈಯರಿನ ಸುತ್ತ ಬಾಯಿ ಮುಚ್ಚಿ ಹಿಡಿಯುವ ಕ್ಲ್ಯಾಂಪ್ ಮೀಟರ್ ಒಳ್ಳೆಯದು. ಏನನ್ನೂ ಬಿಚ್ಚಬೇಕಿಲ್ಲ. ಆದರೆ ಅದರ ಬಾಯಿಯೊಳಗೆ ಒಂದೇ ವೈಯರ್ ಇರಬೇಕು, ಫೇಸ್ ಅಥವಾ ನ್ಯೂಟ್ರಲ್. ಇಡೀ ಕೇಬಲ್ ಹಿಡಿದರೆ ಹೋಗುವ ಕರೆಂಟು, ಬರುವ ಕರೆಂಟು ಒಂದನ್ನೊಂದು ಕಳೆದು ಸೊನ್ನೆ ತೋರಿಸುತ್ತದೆ. ಇದು ಗೊತ್ತಿಲ್ಲದೆ "ಮೀಟರ್ ಕೆಟ್ಟೈತಿ" ಅಂತ ಪಕ್ಕಕ್ಕಿಟ್ಟವರನ್ನು ನೋಡಿದ್ದೇನೆ. ನಾನು ಒಂದು ಅಡಿ ಉದ್ದದ ವೈಯರಿನಲ್ಲಿ ಫೇಸ್, ನ್ಯೂಟ್ರಲ್, ಅರ್ಥ್ ಮೂರನ್ನೂ ಬೇರೆ ಬೇರೆ ಬಿಡಿಸಿ, ಎರಡೂ ತುದಿಗೆ ಪ್ಲಗ್, ಸಾಕೆಟ್ ಹಾಕಿ ಇಟ್ಟುಕೊಂಡಿದ್ದೇನೆ. ಯಾವ ಮಷಿನ್ ಇದ್ದರೂ ಮಧ್ಯೆ ಅದನ್ನು ಸಿಕ್ಕಿಸಿ ಕ್ಲ್ಯಾಂಪ್ ಹಾಕಿದರೆ ಆಯಿತು.

ಇಡೀ ಕೇಬಲ್ ಹಿಡಿದಾಗ ಸೊನ್ನೆ ಬರಬೇಕು ಅನ್ನುವುದು ಇನ್ನೊಂದಕ್ಕೆ ಉಪಯೋಗ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದು, ಮಿಲಿ ಆಂಪ್ಸ್ ತೋರಿಸುವ ಕ್ಲ್ಯಾಂಪ್ ಮೀಟರಿನಲ್ಲಿ ನೋಡಿ. ಸೊನ್ನೆ ಬಿಟ್ಟು ಇಪ್ಪತ್ತು, ಮೂವತ್ತು ಮಿಲಿ ಆಂಪ್ಸ್ ಬರುತ್ತಿದ್ದರೆ ಕರೆಂಟ್ ಹಂಚಿನ ಮೈಗೆ ಅಥವಾ ಅರ್ಥ್‌ಗೆ ಸೋರುತ್ತಿದೆ. ಆಗ ಶಾಖದ ಮಾತು ಆಮೇಲೆ. ಮೊದಲು ಮಷಿನ್ ನಿಲ್ಲಿಸಿ. ಒದ್ದೆ ಕೈಯಲ್ಲಿ ಕೆಲಸ ಮಾಡುವ ಜಾಗ ಅದು. 30 ಮಿಲಿ ಆಂಪ್ಸ್ ಸೋರಿದರೆ ತಾನೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್, ಅಂದರೆ ಆರ್‌ಸಿಸಿಬಿ, ಇಂಥ ಶೆಡ್ಡಿಗೆ ಇರಲೇಬೇಕು ಅನ್ನುವುದು ನನ್ನ ಹಟ.

ಹಂಚಿನ ಮೇಲೆ ಸಿಕ್ಕ ಅಂಕಿಗಳು

ಬೆಳಿಗ್ಗೆ ಹತ್ತು ಗಂಟೆ ಸುಮಾರಿಗೆ ಅಳೆದೆ. ಹಂಚು ಆಫ್ ಇದ್ದಾಗ ಶೆಡ್ಡಿನಲ್ಲಿ 226 ವೋಲ್ಟ್. ಆನ್ ಮಾಡಿದ ತಕ್ಷಣ ಹಂಚಿನ ಟರ್ಮಿನಲ್ ಮೇಲೆ 198. ಆಂಪ್ಸ್ 7.5.

198 ÷ 7.5 = 26.4 ಓಮ್.

ಇಲ್ಲೇ ಕಾಯಿಲ್‌ನ ಪ್ರಶ್ನೆ ಮುಗಿಯಿತು. ಹೊಸದರಲ್ಲಿ ಎಷ್ಟು ಇರಬೇಕಿತ್ತೋ ಅಷ್ಟೇ ಇದೆ. ಎರಡು ಸಲ ಖರ್ಚು ಮಾಡಿ ಬದಲಿಸಿದ್ದು ಒಳ್ಳೆಯ ಕಾಯಿಲ್‌ಗಳನ್ನೇ. ಖಾತ್ರಿಗೆ ಪ್ಲಗ್ ಕಿತ್ತು, ಹಂಚು ಆರಿದ ಮೇಲೆ ಓಮ್ ಕೂಡ ನೋಡಿದೆ. 26ಕ್ಕೆ ಸ್ವಲ್ಪ ಕಡಿಮೆ ಬಂತು. ಕಾಯಿಲ್‌ನಲ್ಲಿ ಇರುವುದು ನೈಕ್ರೋಮ್ ತಂತಿ. ಬಿಸಿಯಾದಾಗ ಅದರ ರೆಸಿಸ್ಟೆನ್ಸ್ ಕೆಲವೇ ಶೇಕಡಾ ಏರುತ್ತದೆ, ಹಾಗಾಗಿ ತಣ್ಣಗಿರುವಾಗಿನ ಅಂಕಿಯನ್ನೂ ನಂಬಬಹುದು. ಹಳೆಯ ತಂತಿಯ ಬಲ್ಬಿಗೆ ಈ ಮಾತು ಹೇಳುವ ಹಾಗಿಲ್ಲ. 100 ವ್ಯಾಟ್ ಬಲ್ಬ್ ಉರಿಯುವಾಗ 529 ಓಮ್ ಇರಬೇಕು. ಆರಿದಾಗ ಅಳೆದರೆ ಅದರ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಅಲ್ಲಿರುವುದು ಟಂಗ್‌ಸ್ಟನ್, ಬಿಸಿಯಾದಷ್ಟೂ ತಡೆ ಏರುತ್ತದೆ.

ಈಗ ಪವರ್. 198 × 7.5 = 1485 ವ್ಯಾಟ್. 2000 ಬೇಕಾದ ಕಡೆ ಕಾಲು ಭಾಗ ಮಾಯ. ವೋಲ್ಟೇಜ್ ಕಡಿಮೆಯಾದದ್ದು 14 ಶೇಕಡಾ ಮಾತ್ರ, ಪವರ್ ಕಡಿಮೆಯಾದದ್ದು 26 ಶೇಕಡಾ. ಇದು ಎಷ್ಟೋ ಜನರಿಗೆ ಹೊಳೆಯದ ವಿಷಯ. ವೋಲ್ಟೇಜ್ ಇಳಿದರೆ ಆಂಪ್ಸ್ ಕೂಡ ಜೊತೆಗೇ ಇಳಿಯುತ್ತದೆ. ಎರಡೂ ಇಳಿದ ಅಂಕಿಗಳನ್ನು ಗುಣಿಸಿದಾಗ ಪವರ್ ದುಪ್ಪಟ್ಟು ವೇಗದಲ್ಲಿ ಬೀಳುತ್ತದೆ.

ಸಂಜೆ ಮತ್ತೆ ಹೋದೆ. ಮನೆಯ ಬೋರ್ಡಿನಲ್ಲೇ 205 ಇತ್ತು. ಹಂಚಿನ ಮೇಲೆ 183 ವೋಲ್ಟ್, 6.9 ಆಂಪ್ಸ್. ಭಾಗಿಸಿದರೆ 26.5 ಓಮ್, ಕಾಯಿಲ್ ಮತ್ತೆ ಸರಿ. ಗುಣಿಸಿದರೆ 1263 ವ್ಯಾಟ್. ಹಂಚಿನಿಂದ ಗಾಳಿಗೆ ಹೋಗುವ ಶಾಖ, ಹಸಿ ರೊಟ್ಟಿ ಎಳೆಯುವ ಶಾಖ ಎಲ್ಲ ಕಳೆದರೆ ಉಳಿಯುವುದು ಏನೂ ಸಾಲದು. ಹಾಗಾಗಿ ಸಂಜೆ ಹಂಚು ತಡವಾಗಿ ಕಾಯುವುದಲ್ಲ, ಬೇಕಾದಷ್ಟು ಕಾಯುವುದೇ ಇಲ್ಲ. ಅಕ್ಕಾರು ಹೇಳಿದ ಮಾತು ಅಕ್ಷರಶಃ ನಿಜ.

ಕಳೆದುಹೋದ 24 ವೋಲ್ಟ್ ಎಲ್ಲಿ?

ಬೆಳಗಿನ ಅಂಕಿಗಳಿಗೆ ಬರೋಣ. ಹಂಚು ಆನ್ ಇರುವಾಗ ಮನೆಯ ಬೋರ್ಡಿನಲ್ಲಿ 222, ಹಂಚಿನ ಮೇಲೆ 198. ನಡುವೆ 24 ವೋಲ್ಟ್ ಇಲ್ಲ. ಬೋರ್ಡಿನಿಂದ ಹಂಚಿನವರೆಗಿನ ದಾರಿಗೂ ಅದೇ ಎರಡು ಲೆಕ್ಕ ಹಾಕಬಹುದು. 24 ÷ 7.5 = 3.2 ಓಮ್. 24 × 7.5 = 180 ವ್ಯಾಟ್.

180 ವ್ಯಾಟ್ ದಾರಿಯಲ್ಲೇ ಎಲ್ಲೋ ಸುಡುತ್ತಿದೆ. ಒಂದು ಯೂನಿಟ್ ಅಂದರೆ 1000 ವ್ಯಾಟ್ ಒಂದು ತಾಸು. ದಿನಕ್ಕೆ ಆರು ತಾಸು ಹಂಚು ಓಡಿದರೆ ಒಂದು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಅದಕ್ಕೂ ಬಿಲ್ ಬರುತ್ತದೆ, ರೊಟ್ಟಿ ಮಾತ್ರ ಬೇಯುವುದಿಲ್ಲ.

ಇದನ್ನು ಮನೆಯ ಕರೆಂಟ್ ಮೀಟರಿನಿಂದಲೂ ತಾಳೆ ನೋಡಬಹುದು. ಕ್ಲ್ಯಾಂಪ್ ಮೀಟರ್ ಇಲ್ಲದವರಿಗೆ ಇದು ಒಳ್ಳೆಯ ಉಪಾಯ. ಮೀಟರಿನ ಮೇಲೆ ಕೆಂಪು ಲೈಟ್ ಮಿಟುಕುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಮಿಟುಕು ಅಂತ ಅದರ ಮುಖದ ಮೇಲೇ ಬರೆದಿರುತ್ತದೆ. ಇವರ ಮೀಟರಿನಲ್ಲಿ 3200 ಇತ್ತು. ಬೇರೆಲ್ಲ ಆಫ್ ಮಾಡಿಸಿ, ಹಂಚು ಮಾತ್ರ ಇಟ್ಟು, ಅಕ್ಕಾರ ಮಗಳಿಗೆ ಒಂದು ನಿಮಿಷ ಎಣಿಸಲು ಹೇಳಿದೆ. 89 ಅಂದಳು. 89 × 60 ಅಂದರೆ ತಾಸಿಗೆ 5340 ಮಿಟುಕು. ಅದನ್ನು 3200ರಿಂದ ಭಾಗಿಸಿದರೆ 1.669 ಯೂನಿಟ್, ಅಂದರೆ 1669 ವ್ಯಾಟ್. ಹಂಚಿಗೆ ಸಿಕ್ಕಿದ್ದು 1485, ದಾರಿಯಲ್ಲಿ ಹೋದದ್ದು 180, ಕೂಡಿದರೆ 1665. ಹುಡುಗಿಯ ಎಣಿಕೆ ನನ್ನ ಮೀಟರಿಗೆ ಸರಿಯಾಗಿ ಕೂತಿತು.

ಈಗ ದಾರಿಯನ್ನು ತುಂಡು ತುಂಡಾಗಿ ನೋಡಬೇಕು. ಪಡಸಾಲೆಯಲ್ಲಿ ಒಂದು 6 ಆಂಪ್ಸ್ ಸಣ್ಣ ಸಾಕೆಟ್. ಅದಕ್ಕೆ ದೊಡ್ಡ ಪ್ಲಗ್ ಸೇರಿಸುವ ಕನ್ವರ್ಟರ್. ಅಲ್ಲಿಂದ 40 ಮೀಟರ್ ಉದ್ದ, 1 ಎಂಎಂ ತಾಮ್ರದ ಫ್ಲೆಕ್ಸಿಬಲ್ ವೈಯರ್. ಬೇವಿನ ಮರದ ಹತ್ತಿರ ಒಂದು ಜಾಯಿಂಟ್. ಆಮೇಲೆ ಶೆಡ್ಡು.

ವೈಯರಿನ ಪಾಲು ಎಷ್ಟು ಅಂತ ಅಳೆಯದೆಯೇ ಹೇಳಬಹುದು. ನಾವು 1 ಎಂಎಂ ಅನ್ನುವುದು ಒಂದು ಚದರ ಮಿಲಿಮೀಟರ್ ದಪ್ಪದ ವೈಯರಿಗೆ. ಅಂಥ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 20 ಓಮ್. 2.5 ಎಂಎಂ ಆದರೆ 8, 4 ಎಂಎಂ ಆದರೆ 5. ಇಲ್ಲಿ ಜನ ಮರೆಯುವುದು ಒಂದನ್ನು: ಕರೆಂಟ್ ಹೋಗಿ ವಾಪಸ್ ಬರಬೇಕು. ದೂರ 40 ಮೀಟರ್ ಇದ್ದರೆ ವೈಯರ್ 80 ಮೀಟರ್. 80 ಮೀಟರಿಗೆ 1.6 ಓಮ್. 1.6 × 7.5 = 12 ವೋಲ್ಟ್. ಅಲ್ಯೂಮಿನಿಯಂ ವೈಯರ್ ಆಗಿದ್ದರೆ ಇದು ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತಿತ್ತು.

ಅಲ್ಲಿಗೆ ಅರ್ಧ ಸಿಕ್ಕಿತು. ಉಳಿದ 12 ವೋಲ್ಟ್ ವೈಯರಿನಲ್ಲಿ ಇರಲು ಸಾಧ್ಯವಿಲ್ಲ, ಲೆಕ್ಕ ಅಷ್ಟಕ್ಕೇ ನಿಲ್ಲುತ್ತದೆ. ಹಾಗಾದರೆ ಜಾಯಿಂಟಿನಲ್ಲೋ ಸಾಕೆಟ್ಟಿನಲ್ಲೋ ಇರಬೇಕು.

ಮೇನ್ ಆಫ್ ಮಾಡಿಸಿ ಬೇವಿನ ಮರದ ಹತ್ತಿರ ಹೋದೆ. ಕೈಯ ಹಿಂಬದಿಯಿಂದ ಜಾಯಿಂಟ್ ಮುಟ್ಟಿದೆ. ಬಿಸಿಲು ಇನ್ನೂ ಅಲ್ಲಿಗೆ ಬಂದಿರಲಿಲ್ಲ, ಆದರೂ ಕೈ ಇಡಲಾಗದಷ್ಟು ಬಿಸಿ. ಟೇಪಿನ ಅಂಟು ಕರಗಿ ಕೆಳಗೆ ಇಳಿದಿತ್ತು. ಕೆಂಪು ಟೇಪು ಕಂದು ಬಣ್ಣಕ್ಕೆ ತಿರುಗಿತ್ತು. ಸುತ್ತು ಬಿಚ್ಚುತ್ತಾ ಹೋದರೆ ಒಳಗಿನ ಪದರಗಳು ಹಪ್ಪಳದಂತೆ ಮುರಿದು ಬಂದವು. ಫೇಸ್ ವೈಯರಿನ ಹೆಣಿಗೆ ಪರವಾಗಿಲ್ಲ. ನ್ಯೂಟ್ರಲ್ ವೈಯರಿನದು ಮಾತ್ರ ಕಪ್ಪು, ನಡುನಡುವೆ ಹಸಿರು. ಮಳೆ ನೀರು ಒಳಗೆ ಇಳಿದು ತಾಮ್ರ ಕಿಲುಬು ಹಿಡಿದಿತ್ತು. ಎಳೆಗಳಲ್ಲಿ ಏಳೆಂಟು ಸುಟ್ಟು ತುಂಡಾಗಿದ್ದವು.

ಹಾಗೇ ಬಿಚ್ಚಿಟ್ಟು, ಎಲ್ಲರನ್ನೂ ದೂರ ನಿಲ್ಲಿಸಿ, ಮತ್ತೆ ಮೇನ್ ಹಾಕಿಸಿ ಹಂಚು ಆನ್ ಮಾಡಿಸಿದೆ. ಮೀಟರಿನ ಒಂದು ಪ್ರೋಬ್ ಜಾಯಿಂಟಿನ ಈಚೆ, ಇನ್ನೊಂದು ಆಚೆ. ಎರಡೂ ಅದೇ ನ್ಯೂಟ್ರಲ್ ವೈಯರಿನ ಮೇಲೆ. ಒಳ್ಳೆಯ ಜಾಯಿಂಟ್ ಆಗಿದ್ದರೆ ಸೊನ್ನೆಯ ಹತ್ತಿರ ಬರಬೇಕು. ಬಂದದ್ದು 7 ವೋಲ್ಟ್.

7 × 7.5 = 52 ವ್ಯಾಟ್. ಬೆರಳಿನಷ್ಟು ಜಾಗದಲ್ಲಿ, ಟೇಪಿನ ಒಳಗೆ, ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಒಂದನ್ನು ಹಚ್ಚಿ ಬಿಟ್ಟಂತೆ. ಅದು ಒಣಗಿದ ಬೇವಿನ ಎಲೆಗಳ ರಾಶಿಯ ಮೇಲೆ ಮಲಗಿತ್ತು. ಅಕ್ಕಾರಿಗೆ ಅದನ್ನು ತೋರಿಸಿದೆ. ರೊಟ್ಟಿಯ ಮಾತು ಬಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

ಉಳಿದ 5 ವೋಲ್ಟ್ ಆ ಸಣ್ಣ ಸಾಕೆಟ್ಟಿನಲ್ಲಿ ಮತ್ತು ಕನ್ವರ್ಟರಿನಲ್ಲಿ ಸಿಕ್ಕಿತು. 5 × 7.5 ಅಂದರೆ 37 ವ್ಯಾಟ್. 6 ಆಂಪ್ಸ್ ಸಾಕೆಟ್ಟಿನಿಂದ 8.7 ಆಂಪ್ಸ್ ಎಳೆಯುವ ಮಷಿನ್ ಓಡಿಸಿದರೆ ಇನ್ನೇನಾಗುತ್ತದೆ? ಒಳಗಿನ ಹಿತ್ತಾಳೆಯ ಹಿಡಿತ ಬಿಸಿಗೆ ಸಡಿಲಾಗುತ್ತದೆ. ಸಡಿಲಾದಷ್ಟು ಇನ್ನೂ ಬಿಸಿಯಾಗುತ್ತದೆ. ಪ್ಲಗ್ಗಿನ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿದ್ದರೆ ಅದೇ ಸಾಕ್ಷಿ. 2000 ವ್ಯಾಟ್‌ನ ಮಷಿನ್ನಿಗೆ ಕನ್ವರ್ಟರ್ ಬಳಸಲೇಬೇಡಿ. 16 ಆಂಪ್ಸ್ ಸಾಕೆಟ್ಟೇ ಬೇಕು.

ಸ್ಟೆಬಿಲೈಸರ್ ಯಾಕೆ ಬೇಡ ಅಂದೆ

ಸ್ಟೆಬಿಲೈಸರ್ ಅಂದರೆ ಇಳಿದ ವೋಲ್ಟೇಜನ್ನು ಏರಿಸಿ ಕೊಡುವ ಪೆಟ್ಟಿಗೆ. ಅದನ್ನು ತಂದು ಶೆಡ್ಡಿನಲ್ಲಿ ಇಟ್ಟಿದ್ದರೆ ಹಂಚು ಕಾಯುತ್ತಿತ್ತು, ಸುಳ್ಳಲ್ಲ. ಹಂಚಿಗೆ 230 ವೋಲ್ಟ್, 2000 ವ್ಯಾಟ್ ಕೊಡುತ್ತಿತ್ತು. ಆದರೆ ಆ 2000 ವ್ಯಾಟನ್ನು ಅದೇ ಹಾಳು ವೈಯರಿನಿಂದಲೇ ಎಳೆಯಬೇಕು. ಲೆಕ್ಕ ಹಾಕಿದರೆ ವೈಯರಿನಲ್ಲಿ 10.6 ಆಂಪ್ಸ್ ಹರಿಯುತ್ತದೆ. ಜಾಯಿಂಟಿನ ರೆಸಿಸ್ಟೆನ್ಸ್ 7 ÷ 7.5, ಅಂದರೆ 0.93 ಓಮ್. ಶಾಖ ಆಂಪ್ಸ್‌ನ ವರ್ಗದ ಲೆಕ್ಕದಲ್ಲಿ ಏರುತ್ತದೆ ಅಂತ ಇಂಗ್ಲೆಂಡಿನ ವಿಜ್ಞಾನಿ ಜೂಲ್ 1841ರಲ್ಲೇ ತೋರಿಸಿದ್ದಾರೆ. 10.6 × 10.6 × 0.93 = 104 ವ್ಯಾಟ್. ಬೇವಿನ ಎಲೆಗಳ ಮೇಲಿನ ಬಿಸಿ ಎರಡು ಪಟ್ಟು ಆಗುತ್ತಿತ್ತು. ವೋಲ್ಟೇಜ್ ಎಲ್ಲಿ ಕಳೆಯುತ್ತಿದೆ ಅಂತ ನೋಡದೆ ಸ್ಟೆಬಿಲೈಸರ್ ಇಡುವುದು ಇದಕ್ಕಾಗಿಯೇ ಅಪಾಯ.

ಇದೇ ವರ್ಗದ ಲೆಕ್ಕ ದೊಡ್ಡ ಲೈನುಗಳಿಗೂ ಇದೆ. ಆಲಮಟ್ಟಿಯ ವಿದ್ಯುತ್ ಘಟಕದ ಸಾಮರ್ಥ್ಯ 290 ಮೆಗಾವ್ಯಾಟ್. ಅದನ್ನು 230 ವೋಲ್ಟ್‌ನಲ್ಲೇ ಒಂದು ಜೊತೆ ತಂತಿಯ ಮೇಲೆ ಕಳಿಸಲು ಹೋದರೆ ಹನ್ನೆರಡೂವರೆ ಲಕ್ಷ ಆಂಪ್ಸ್ ಹರಿಯಬೇಕು. ಯಾವ ತಂತಿಯೂ ಉಳಿಯುವುದಿಲ್ಲ. ಅದಕ್ಕೇ ವೋಲ್ಟೇಜನ್ನು ಸಾವಿರಗಟ್ಟಲೆ ಏರಿಸಿ, ಆಂಪ್ಸ್ ಇಳಿಸಿ ಕಳಿಸುತ್ತಾರೆ.

ಅಂಕಿಗಳು ಬೇರೆ ಬಂದರೆ

ನಿಮ್ಮ ಮಷಿನ್ನಿನಲ್ಲಿ ಬೇರೆ ಥರ ಬರಬಹುದು. ಮೇಲಿನ 26.4 ಓಮ್ ಹಂಚನ್ನೇ ಇಟ್ಟುಕೊಂಡು ಹೇಳುತ್ತೇನೆ.

ವೋಲ್ಟೇಜ್ ಪೂರ್ತಿ, ಆಂಪ್ಸ್ ಸೊನ್ನೆ. ದಾರಿ ಎಲ್ಲೋ ತುಂಡಾಗಿದೆ. ಎರಡು ಕಾಯಿಲ್ ಒಂದೇ ದಿನ ಸುಡುವುದು ಅಪರೂಪ. ಮೊದಲು ಥರ್ಮೋಸ್ಟಾಟ್ (ಬಿಸಿ ಹೆಚ್ಚಾದರೆ ತಾನೇ ಆಫ್ ಮಾಡುವ ಭಾಗ), ಸ್ವಿಚ್, ಒಳಗಿನ ವೈಯರ್ ನೋಡಿ.

ವೋಲ್ಟೇಜ್ ಸರಿ, ಆಂಪ್ಸ್ ಸರಿಯಾಗಿ ಅರ್ಧ. 4.3ರ ಹತ್ತಿರ ಬಂದು, ಭಾಗಿಸಿದಾಗ 53 ಓಮ್ ಆದರೆ ಒಂದು ಕಾಯಿಲ್ ಹೋಗಿದೆ. ಹಂಚಿನ ಒಂದು ಪಕ್ಕ ಮಾತ್ರ ಕಾಯುತ್ತದೆ, ರೊಟ್ಟಿ ಒಂದೇ ಬದಿ ಕಂದಾಗುತ್ತದೆ. ಇಲ್ಲಿ ಮಾತ್ರ ಕಾಯಿಲ್ ಬದಲಿಸಿ.

ಓಮ್ ಕಡಿಮೆ, ಆಂಪ್ಸ್ ಜಾಸ್ತಿ. 20 ಓಮ್ ಬಂದರೆ 230ರಲ್ಲಿ 11.5 ಆಂಪ್ಸ್, 2645 ವ್ಯಾಟ್. ಸುಟ್ಟ ಕಾಯಿಲ್‌ನ ಹಾಳಾದ ತುಂಡು ಕತ್ತರಿಸಿ ಉಳಿದದ್ದನ್ನು ಎಳೆದು ಜೋಡಿಸಿದಾಗ ಹೀಗಾಗುತ್ತದೆ. ಹತ್ತರಲ್ಲಿ ಒಂದು ಭಾಗ ಕತ್ತರಿಸಿದರೂ ಪವರ್ 11 ಶೇಕಡಾ ಏರುತ್ತದೆ. ಮೊದಲ ವಾರ ಹಂಚು ಭರ್ಜರಿ ಕಾಯುತ್ತದೆ, ಎಲ್ಲರೂ ಖುಷಿ. ಆಮೇಲೆ ಕಾಯಿಲ್ ಮತ್ತೆ ಸುಡುತ್ತದೆ, ಈ ಸಲ ಸಾಕೆಟ್ಟಿನ ಜೊತೆಗೆ.

ಓಮ್ ಸ್ವಲ್ಪ ಜಾಸ್ತಿ ಬಂದರೆ ಮಷಿನ್ನಿನ ಒಳಗಿನ ಸ್ಕ್ರೂ, ಸ್ವಿಚ್ ಅನುಮಾನಿಸಿ. ಪ್ಲಗ್ ಕಿತ್ತು ಒಮ್ಮೆ ಕಾಯಿಲ್ ತುದಿಗಳಿಗೇ ಮೀಟರ್ ಹಿಡಿಯಿರಿ, ಇನ್ನೊಮ್ಮೆ ಪ್ಲಗ್ಗಿನ ಪಿನ್ನುಗಳಿಗೆ ಹಿಡಿಯಿರಿ. ಎರಡರ ನಡುವೆ ಒಂದು ಓಮ್ ವ್ಯತ್ಯಾಸ ಇದ್ದರೂ 8 ಆಂಪ್ಸ್ ಹರಿಯುವಾಗ 64 ವ್ಯಾಟ್ ಅಲ್ಲೇ ಸುಡುತ್ತದೆ.

ವೋಲ್ಟೇಜ್ 260 ದಾಟಿದರೆ ಅಥವಾ ಮನೆಯ ಒಂದು ಕಡೆ ಲೈಟ್ ಜೋರಾಗಿ, ಇನ್ನೊಂದು ಕಡೆ ಮಂಕಾಗಿ ಉರಿದರೆ ಲೆಕ್ಕ ಹಾಕುತ್ತಾ ಕೂರಬೇಡಿ. ನ್ಯೂಟ್ರಲ್ ಕಟ್ಟಾಗಿರಬಹುದು. ಮೇನ್ ಆಫ್ ಮಾಡಿ ಲೈನ್‌ಮನ್ ಕರೆಸಿ.

ಈಗ ಮೋಟರಿನ ಮಾತು. ಬೋರ್‌ವೆಲ್ ಮೋಟರಿಗೆ 230 ವೋಲ್ಟ್, 7 ಆಂಪ್ಸ್ ಬಂತು ಅಂತ ಗುಣಿಸಿ 1610 ವ್ಯಾಟ್ ಅನ್ನಬೇಡಿ. ಮೋಟರಿನಲ್ಲಿ ವೋಲ್ಟೇಜೂ ಆಂಪ್ಸೂ ಒಂದೇ ಹೆಜ್ಜೆಯಲ್ಲಿ ನಡೆಯುವುದಿಲ್ಲ. ಬಂದ ಅಂಕಿಯನ್ನು ಪವರ್ ಫ್ಯಾಕ್ಟರಿನಿಂದ ಮತ್ತೆ ಗುಣಿಸಬೇಕು, ಅದು ಒಂದಕ್ಕಿಂತ ಕಡಿಮೆ. ಭಾಗಿಸಿ ವೈಂಡಿಂಗ್ ಓಮ್ ಹುಡುಕುವುದು ಇನ್ನೂ ತಪ್ಪು. 33 ಬರುತ್ತದೆ, ಆದರೆ ಮೋಟರ್ ನಿಲ್ಲಿಸಿ ಮೀಟರಿನಲ್ಲಿ ನೋಡಿದರೆ ವೈಂಡಿಂಗ್ ಇರುವುದು ಕೆಲವೇ ಓಮ್. ಇನ್ನೊಂದು ದೊಡ್ಡ ವ್ಯತ್ಯಾಸ: ವೋಲ್ಟೇಜ್ ಇಳಿದರೆ ಕಾಯಿಲ್ ಕಡಿಮೆ ಆಂಪ್ಸ್ ಎಳೆಯುತ್ತದೆ, ನೀರು ಎತ್ತುತ್ತಿರುವ ಮೋಟರ್ ಜಾಸ್ತಿ ಎಳೆಯುತ್ತದೆ. ಲೋ ವೋಲ್ಟೇಜಿನಲ್ಲಿ ಹಂಚು ತಣ್ಣಗಾಗುತ್ತದೆ, ಮೋಟರ್ ಸುಡುತ್ತದೆ.

ಮಾಡಿದ ರಿಪೇರಿ

ಕಾಯಿಲ್ ಮುಟ್ಟಲಿಲ್ಲ. ಬೋರ್ಡಿನಿಂದಲೇ ಬೇರೆ ಎಂಸಿಬಿ (ಆಂಪ್ಸ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), ಆರ್‌ಸಿಸಿಬಿ ಹಾಕಿ, ಶೆಡ್ಡಿನವರೆಗೆ 4 ಎಂಎಂ ತಾಮ್ರದ ವೈಯರನ್ನು ಪೈಪಿನೊಳಗೆ ಎಳೆದೆ. ಜೊತೆಗೆ ಅರ್ಥ್ ವೈಯರ್. ನಡುವೆ ಒಂದೂ ಜಾಯಿಂಟ್ ಇಲ್ಲ. ತುದಿಯಲ್ಲಿ 16 ಆಂಪ್ಸ್ ಸಾಕೆಟ್. 2.5 ಎಂಎಂ ಕೂಡ ನಡೆಯುತ್ತಿತ್ತು. ಆದರೆ ಇನ್ನೊಂದು ಹಂಚು ತರುವ ಯೋಚನೆ ಅವರಿಗಿದೆ ಅಂತ ಗೊತ್ತಾಯಿತು. 80 ಮೀಟರಿಗೆ 4 ಎಂಎಂ ಆದರೆ 0.4 ಓಮ್ ಮಾತ್ರ.

ಮತ್ತೆ ಅಳೆದೆ. ಹಂಚು ಆನ್ ಇರುವಾಗ ಬೋರ್ಡಿನಲ್ಲಿ 221, ಹಂಚಿನ ಮೇಲೆ 218. ಆಂಪ್ಸ್ 8.2. ಪವರ್ ಸುಮಾರು 1790 ವ್ಯಾಟ್. ಮೊದಲಿಗಿಂತ 300 ವ್ಯಾಟ್ ಜಾಸ್ತಿ, ಹಂಚಿನ ಒಳಗೆ ಏನನ್ನೂ ಬದಲಿಸದೆ. ನೀರು ಚಿಮುಕಿಸಿದೆ. ಹನಿಗಳು ಗುಂಡಗಾಗಿ ಅಂಚಿನವರೆಗೆ ಓಡಿದವು.

ಸಂಜೆ ಬೋರ್ಡಿನಲ್ಲಿ 205 ಇರುವುದು ಮಾತ್ರ ಹಾಗೇ ಉಳಿಯಿತು. ಈಗ ಹಂಚಿಗೆ 202 ವೋಲ್ಟ್, 1540 ವ್ಯಾಟ್ ಸಿಗುತ್ತದೆ. ಕೆಲಸ ನಡೆಯುತ್ತದೆ, ಆದರೆ ಪೂರ್ತಿ ಅಲ್ಲ. ಇದು ಮನೆಯ ಒಳಗಿನ ದೋಷ ಅಲ್ಲ, ಲೈನಿನ ಕಡೆಯದು. "ಲೋ ವೋಲ್ಟೇಜ್ ಐತ್ರಿ" ಅಂತ ಬಾಯಿ ಮಾತಿನಲ್ಲಿ ದೂರು ಕೊಡುವ ಬದಲು ಅಂಕಿ ಕೊಡಿ ಅಂತ ಹೇಳಿದ್ದೇನೆ. ಬೋರ್ಡಿನ ಬಾಗಿಲ ಒಳಗೆ ಒಂದು ಕಾಗದ ಅಂಟಿಸಿದ್ದೇನೆ. ಮೇಲೆ ನನ್ನ ಅಂಕಿಗಳು: 221, 218, 8.2, ರಿಪೇರಿ ಮಾಡಿದ ತಾರೀಖು. ಅದರ ಕೆಳಗೆ ಅಕ್ಕಾರ ಮಗಳು ದಿನಾ ಸಂಜೆ ಏಳಕ್ಕೆ, ಹಂಚು ಆಫ್ ಮಾಡಿ ಒಮ್ಮೆ, ಆನ್ ಮಾಡಿ ಒಮ್ಮೆ, ಬೋರ್ಡಿನ ಮೇಲಿನ ವೋಲ್ಟ್‌ಮೀಟರ್ ನೋಡಿ ವೋಲ್ಟೇಜ್ ಬರೆಯುತ್ತಿದ್ದಾಳೆ. ಹದಿನೈದು ದಿನದ ಪಟ್ಟಿ ಆದ ಮೇಲೆ ಅದರ ಫೋಟೊ ಹಚ್ಚಿ ಅರ್ಜಿ ಬರೆಯುತ್ತಾರೆ.